ಕೋವಿ ಒರೆಸುವ ಮೇಜು

2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ. ಉತ್ತರ ಕನ್ನಡದಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ನೀತಿಸಂಹಿತೆ ಜಾರಿಯಾದ ಮೇಲೆ ಪರವಾನಗಿ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡುವುದು ನಮ್ಮ ಕಡೆ ಪ್ರತಿ ಚುನಾವಣೆಯ ಪದ್ಧತಿ. ಹಾಗೆ ಇಟ್ಟ ಕೋವಿಯನ್ನು ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮೇಲೆ ಮುಂಗಾರು ಕೂತಿರುತ್ತದೆ. ಎರಡೂವರೆ ತಿಂಗಳು ಯಾರೂ ಮುಟ್ಟದೆ ನಿಂತಿದ್ದ ಕಬ್ಬಿಣ, ಮುಂದೆ ನಾಲ್ಕು ತಿಂಗಳು ಬಟ್ಟೆಯೇ ಒಣಗದ ಮನೆ. ತಂದ ಕೋವಿಯನ್ನು ಮೇಲ್ಮೇಲೆ ಒರೆಸಿ ಮೂಲೆಗೆ ಒರಗಿಸಿದರೆ ದಸರೆ ಬರುವಷ್ಟರಲ್ಲಿ ನಳಿಗೆಯೊಳಗೆ ಕೆಂಪು ಪುಡಿ ಸಿದ್ಧ.

ಕೋವಿ ಸ್ವಚ್ಛ ಮಾಡಲು ಮನೆಯಲ್ಲಿ ಒಂದು ಮೇಜನ್ನೇ ಮೀಸಲಿಡಬೇಕೇ ಎಂದು ಕೇಳುವವರಿದ್ದಾರೆ. ವರ್ಷಕ್ಕೆ ನಾಲ್ಕು ಈಡು ಹೊಡೆಯುವ ಕೋವಿಗೆ ಅಷ್ಟೆಲ್ಲ ಯಾಕೆ ಎಂಬುದು ಅವರ ವಾದ. ನನಗೆ ಕಾಣುವುದು ಇದರ ತಿರುವುಮುರುವು. ನಮ್ಮ ಘಟ್ಟದ ಮೇಲೆ ಕೋವಿ ಹಾಳಾಗುವುದು ಹೊಡೆದು ಹೊಡೆದು ಸವೆದಲ್ಲ. ಹೊಡೆದು ಹಾಗೇ ಇಟ್ಟು, ಇಲ್ಲವೇ ಹೊಡೆಯದೆಯೇ ಹಾಗೇ ಇಟ್ಟು. ನಳಿಗೆಗೆ ಹಾಯಿಸುವ ಗಜ ಒಂದು ಕೋಣೆಯಲ್ಲಿ, ಎಣ್ಣೆ ಇನ್ನೊಂದರಲ್ಲಿ, ಹಳೆ ಪಂಚೆ ಎಲ್ಲೋ ಮೆತ್ತಿನ ಮೇಲೆ ಇದ್ದರೆ ಸಂಜೆ ತೋಟದಿಂದ ದಣಿದು ಬಂದವನು ‘ನಾಳೆ ನೋಡಿದರಾಯಿತು’ ಅನ್ನುತ್ತಾನೆ. ಆ ನಾಳೆ ಬರುವಷ್ಟರಲ್ಲಿ ತುಕ್ಕು ಬಂದಾಗಿರುತ್ತದೆ. ಬೇಕಾದ್ದೆಲ್ಲ ಒಂದೇ ಕಡೆ ಇದ್ದರೆ ಕೆಲಸ ಅರ್ಧ ಗಂಟೆಯದು.

ಮೊದಲು ಯಾವ ಕೋವಿ ಎಂಬುದನ್ನು ಹೇಳಿಬಿಡಬೇಕು. ಅಂತರ್ಜಾಲದಲ್ಲಿ ಸಿಗುವ ಸಲಹೆಗಳೆಲ್ಲ ಅಮೆರಿಕದ ರೈಫಲ್ಲು, ಪಿಸ್ತೂಲುಗಳಿಗೆ ಬರೆದವು. ನಮ್ಮ ತೋಟ, ಗದ್ದೆಗಳ ಮನೆಯಲ್ಲಿರುವುದು ಬೆಳೆ ರಕ್ಷಣೆಯ ಪರವಾನಗಿಯ ಕೋವಿ. ಬಾಯಿಂದ ಮಸಿ ತುಂಬುವ ಒಂಟಿ ನಳಿಗೆಯ ಕೇಪಿನ ಕೋವಿ, ಇಲ್ಲವಾದರೆ 12 ಬೋರಿನ ತೋಟಾ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಂದ ತುಂಬುವ ಕೋವಿಗೆ ಪರವಾನಗಿ ಕೊಡುವ ಮಾತು ಹೆಸರು ಹಿಡಿದೇ ಬಂದಿದೆ. ಬೆಳೆ ರಕ್ಷಣೆ ಅಂದರೆ ಕೊಲ್ಲುವ ಅನುಮತಿ ಎಂದು ತಿಳಿಯಬಾರದು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೆಳೆಗೆ ಬಿದ್ದ ಪ್ರಾಣಿಯನ್ನಾದರೂ ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಹೊಡೆಯುವಂತಿಲ್ಲ. ಹಾಗಾಗಿ ಭತ್ತದ ಗದ್ದೆಗೆ ಹಂದಿ ಇಳಿದಾಗ, ಬಾಳೆಗೊನೆಗೆ ಮಂಗನ ಹಿಂಡು ಬಂದಾಗ ಕೋವಿಯ ಕೆಲಸ ಸದ್ದು ಮಾಡುವುದಷ್ಟೆ. ಗಮನಿಸಿ, ಬರೀ ಸದ್ದಿನ ಈಡಾದರೂ ನಳಿಗೆಯೊಳಗೆ ಕೂರುವ ಕೊಳೆ ಅಷ್ಟೇ. ಚರೆ ಹಾಕಿಲ್ಲವಲ್ಲ, ಒರೆಸುವುದೇನು ಎಂದು ಬಿಟ್ಟವರ ಕೋವಿಯೇ ಮೊದಲು ಕೆಡುತ್ತದೆ.

ಇದಕ್ಕೆ ಕಾರಣ ಕೋವಿ ಮಸಿಯಲ್ಲೇ ಇದೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಈ ಕಪ್ಪು ಮಸಿ ಉರಿದಾಗ ಅನಿಲವಾಗಿ ಹೋಗುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಘನ ಕಣವಾಗಿ ಒಂದಿಷ್ಟು ಹೊಗೆಯ ಜೊತೆ ಹಾರುತ್ತದೆ, ಒಂದಿಷ್ಟು ನಳಿಗೆಯ ಗೋಡೆಗೆ ಅಂಟುತ್ತದೆ. ಅದರಲ್ಲಿ ಹೆಚ್ಚಿನದು ಪೊಟ್ಯಾಸಿಯಮ್ಮಿನ ಲವಣಗಳು, ಜೊತೆಗೆ ಗಂಧಕದ ಸಂಯುಕ್ತಗಳು. ಇವು ಗಾಳಿಯಿಂದ ನೀರು ಹೀರುತ್ತವೆ. ಬಯಲುಸೀಮೆಯ ಒಣ ಹವೆಯಲ್ಲಿ ಎರಡು ದಿನ ತಡೆಯುವ ಕೊಳೆ ಸಿದ್ದಾಪುರದ ಜುಲೈ ತಿಂಗಳಲ್ಲಿ ಒಂದು ರಾತ್ರಿಗೇ ಜಿಗುಟಾಗುತ್ತದೆ. ಹಳೆಯ ಕಾಲದ ಕೇಪುಗಳಲ್ಲಿ ಪೊಟ್ಯಾಸಿಯಮ್ ಕ್ಲೋರೇಟ್ ಇರುತ್ತಿತ್ತು. ಅದು ಉರಿದರೆ ಉಳಿಯುವುದು ಅಡುಗೆ ಉಪ್ಪಿಗೆ ಹತ್ತಿರದ ಸಂಬಂಧಿಯಾದ ಇನ್ನೊಂದು ಉಪ್ಪು. ಕಬ್ಬಿಣಕ್ಕೆ ಉಪ್ಪು ಸವರಿ ಮಳೆಗಾಲದಲ್ಲಿ ಇಟ್ಟರೆ ಏನಾಗುತ್ತದೆಂದು ಕಡಲಂಚಿನ ಕುಮಟೆ, ಅಂಕೋಲೆಯ ನೆಂಟರ ಮನೆಯ ಕಿಟಕಿ ಸರಳು ನೋಡಿದವರಿಗೆ ಹೇಳಬೇಕಿಲ್ಲ.

ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಕೇಪಿನ ಕೋವಿಯ ಆರೈಕೆಯಲ್ಲಿ ಇದೊಂದು ಗೊತ್ತಿದ್ದರೆ ಮುಕ್ಕಾಲು ಪಾಲು ಗೊತ್ತಿದ್ದ ಹಾಗೆ. ‘ಎಣ್ಣೆ ಹಚ್ಚೇ ಇಟ್ಟಿದ್ದೆ ಮಾರಾಯ, ಆದ್ರೂ ತುಕ್ಕು ಬಂತಲ್ಲ’ ಎಂಬ ಗೋಳು ಹುಟ್ಟುವುದು ಇಲ್ಲೇ. ಅವನು ಎಣ್ಣೆ ಹಚ್ಚಿದ್ದು ಉಪ್ಪಿನ ಪದರದ ಮೇಲೆ. ಕೆಳಗೆ ಉಪ್ಪು ತನ್ನ ಕೆಲಸ ತಾನು ಮಾಡಿಕೊಂಡಿತ್ತು. ಸೀಮೆಎಣ್ಣೆಯೂ ಅಷ್ಟೆ: ಜಿಡ್ಡು ಬಿಡಿಸುತ್ತದೆ, ಲವಣ ಬಿಡಿಸುವುದಿಲ್ಲ. ಕಪ್ಪು ಮಸಿಯ ಕೊಳೆಗೆ ಮದ್ದು ನೀರು, ಅದರಲ್ಲೂ ಬಿಸಿನೀರು. ಕೋವಿಗೆ ನೀರು ಅಂದೊಡನೆ ಹೌಹಾರುವವರಿದ್ದಾರೆ. ಆದರೆ ಅಪಾಯವಿರುವುದು ನೀರಲ್ಲಿ ತೊಳೆಯುವುದರಲ್ಲಿ ಅಲ್ಲ, ತೊಳೆದು ಒಣಗಿಸದೆ ಬಿಡುವುದರಲ್ಲಿ. ಈ ವಿಷಯದಲ್ಲಿ ನಮ್ಮ ಮನೆಗಳಿಗೆ ಯಾವ ಪೇಟೆಗೂ ಇಲ್ಲದ ಸೌಕರ್ಯವಿದೆ. ಬಚ್ಚಲ ಹಂಡೆಯಲ್ಲಿ ಹೊತ್ತಿಗೆ ಸರಿಯಾಗಿ ಮರಳುವ ನೀರು ಇದ್ದೇ ಇರುತ್ತದೆ.

ಇನ್ನು ಮೇಜನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ. ಮಲೆನಾಡಿನ ಮನೆಯಲ್ಲಿ ಜಾಗಕ್ಕೆ ಬರವಿಲ್ಲ, ಆದರೆ ಸಿಕ್ಕ ಜಾಗವೆಲ್ಲ ಆಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟ ಜಾಗ ಕೊಟ್ಟಿಗೆ ಮತ್ತು ಅದಕ್ಕೆ ಹೊಂದಿಕೊಂಡ ಕೋಣೆ. ಇದಕ್ಕೊಂದು ಚರಿತ್ರೆಯೇ ಇದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಹಿತ್ತಾಳೆಯ ಕೋಶಗಳು ತಾವಾಗಿಯೇ ಸೀಳಿರುತ್ತಿದ್ದವು. ಮಳೆಗಾಲದ ಬಿರುಕು ಎಂದೇ ಅದಕ್ಕೆ ಹೆಸರು ಬಿತ್ತು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಗಾಳಿಯ ತೇವ, ತಯಾರಿಕೆಯಲ್ಲಿ ಹಿತ್ತಾಳೆಯೊಳಗೆ ಉಳಿದ ಬಿಗಿತ ಮೂರೂ ಸೇರಿ ಲೋಹವನ್ನು ಒಡೆಯುತ್ತವೆ ಎಂದು ಇಂಗ್ಲೆಂಡಿನ ವಿಜ್ಞಾನಿಗಳು ವಿವರಿಸಿದ್ದು 1921ರಲ್ಲಿ. ದನದ ಗಂಜಲದಿಂದ ಬರುವುದೂ ಅದೇ ಅಮೋನಿಯಾ. 12 ಬೋರಿನ ತೋಟಾದ ಬುಡದಲ್ಲಿ ಹಿತ್ತಾಳೆಯ ಟೊಪ್ಪಿಗೆ ಇರುವುದುಂಟು. ಕೊಟ್ಟಿಗೆ ಮೆತ್ತಿನ ಮೇಲೆ ತೋಟಾ ಪೆಟ್ಟಿಗೆ ಇಟ್ಟವರು ಇಂದೇ ಕೆಳಗಿಳಿಸುವುದು ಒಳ್ಳೆಯದು.

ಎರಡನೆಯ ಕೆಟ್ಟ ಜಾಗ ಔಷಧಿ ಕೋಣೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತದ ಚೀಲ ಇಲ್ಲದ ಅಡಿಕೆ ಮನೆ ನಮ್ಮಲ್ಲಿಲ್ಲ. ದ್ರಾವಣಕ್ಕೆ ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ಕತ್ತಿಯ ಅಲಗನ್ನು ಅದ್ದುತ್ತೇವೆ. ಸುಣ್ಣ ಕಡಿಮೆಯಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಆ ಕೆಂಪಿಗೆ ಪ್ರತಿಯಾಗಿ ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ಔಷಧಿ ಕಲಸಿದ ಕೈಯಲ್ಲಿ ನಳಿಗೆ ಹಿಡಿದರೆ, ಮೈಲುತುತ್ತದ ಪುಡಿ ಬಿದ್ದ ಹಲಗೆಯ ಮೇಲೆ ಕೋವಿ ಮಲಗಿಸಿದರೆ ಕತ್ತಿಗೆ ಆದದ್ದೇ ಕೋವಿಗೂ ಆಗುತ್ತದೆ, ತುಸು ನಿಧಾನವಾಗಿ. ಅಡಿಕೆ ಬೇಯಿಸುವ ಒಲೆಯ ಹತ್ತಿರ ಬೆಚ್ಚಗಿರುತ್ತದಲ್ಲ ಎನ್ನುವವರಿಗೆ ನನ್ನ ಉತ್ತರ ಗಟ್ಟಿಯಾಗಿ ಬೇಡ ಎಂಬುದೇ. ಕೋವಿಯ ಪಕ್ಕ ಮಸಿ ಡಬ್ಬಿ ಮರೆತು ಉಳಿದಿರಬಹುದು, ಒಲೆಯಿಂದ ಕಿಡಿ ಹಾರುತ್ತದೆ. ಉಳಿದದ್ದನ್ನು ಬಿಡಿಸಿ ಹೇಳುವುದು ಬೇಡ.

ಉಳಿಯುವುದು ಒಳಜಗಲಿಯ ಕಿಟಕಿ ಪಕ್ಕ, ಅಥವಾ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಚಿಕ್ಕ ಕೋಣೆ. ಬಾಗಿಲು ಮುಖ್ಯ. ಬಿಡಿಭಾಗ ಹರಡಿಕೊಂಡು ಕೂತಾಗ ಮೊಮ್ಮಕ್ಕಳು ನುಗ್ಗಬಾರದು, ಹೊರಗಿನವರ ಕಣ್ಣಿಗೂ ಬೀಳಬಾರದು.

ಮೇಜಿಗೆ ಹೊಸ ಮರ ಕೊಳ್ಳುವುದು ಬೇಡ. ಕೋವಿಯಷ್ಟೇ ಉದ್ದ, ಅಂದರೆ ಸುಮಾರು ಐದಡಿಯ ಹಳೆ ಹಲಗೆ ಸಾಕು. ಅಲುಗಾಡದಂತೆ ಗೋಡೆಗೆ ಬಿಗಿದಿರಬೇಕು. ಎತ್ತರ ನಿಂತವನ ಮೊಣಕೈ ಮಟ್ಟಕ್ಕೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ ನೆಲದ ಮೇಲೆ ಕೂತು ತೊಡೆ ಮೇಲಿಟ್ಟು ಒರೆಸುವಾಗ ಕೋವಿಯ ಬಾಯಿ ಯಾವ ಕಡೆ ತಿರುಗಿದೆ ಎಂಬುದು ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಮೇಜಿಗೆ ಎರಡು ಕವೆ ಬಡಿದು, ಕೋವಿ ಅದರಲ್ಲಿ ಕೂತರೆ ಬಾಯಿ ಯಾವಾಗಲೂ ಒಂದೇ ದಿಕ್ಕಿಗೆ. ಆ ದಿಕ್ಕಿನಲ್ಲಿ ಕಲ್ಲಿನ ಗೋಡೆ ಇರಲಿ, ಮರದ ಬಾಗಿಲಲ್ಲ. ಕವೆಯ ಒಳಗೆ ಹತ್ತಿ ಬಟ್ಟೆಯ ಮಡಿಕೆ ಸುತ್ತಿ. ಬಾಯಿ ಕಡೆಯ ಕವೆ ಎರಡು ಬೆರಳು ತಗ್ಗಿರಬೇಕು. ಕೊಳೆ ನೀರು, ಹೆಚ್ಚಾದ ಎಣ್ಣೆ ಬಾಯಿಂದ ಹೊರಗಿಳಿಯಬೇಕೇ ಹೊರತು ಹಿಂದಕ್ಕೆ ಹರಿದು ಮರದ ಹಿಡಿಗೆ ಇಂಗಬಾರದು. ಎಣ್ಣೆ ಕುಡಿದ ಮರ ಮೆತ್ತಗಾಗುತ್ತದೆ. ಹಳೆ ಕೋವಿಗಳ ಹಿಡಿ ಕುತ್ತಿಗೆಯಲ್ಲೇ ಸೀಳುವುದಕ್ಕೆ ಇದೂ ಒಂದು ಕಾರಣ.

ಸಾಮಾನಿನ ವಿಷಯಕ್ಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೋರಿಗೆ ಸರಿಹೊಂದುವ ತಂತಿ ಬ್ರಷ್ಷು, ಉಕ್ಕಿನದಲ್ಲ, ಕಂಚಿನದು. ಬಟ್ಟೆ ಕಚ್ಚುವ ತುದಿಯಿರುವ ಗಜ. ತೊಳೆದು ಒಣಗಿಸಿದ ಹಳೆ ಪಂಚೆಯ ಚೂರುಗಳು ಒಂದು ಡಬ್ಬಿ ತುಂಬ. ಕೇಪು ಕೂರುವ ನಿಪ್ಪಲ್ ಬಿಚ್ಚುವ ಕೀಲಿ. ಹಲ್ಲುಜ್ಜುವ ಹಳೆ ಬ್ರಷ್ಷು. ತಿರುಪು, ನಿಪ್ಪಲ್ ಉರುಳಿ ಹೋಗದಂತೆ ಹಾಕಿಡಲು ಅಡಿಕೆ ಹಾಳೆಯ ತಟ್ಟೆಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಜಿಡ್ಡಾದರೆ ಬಿಸಾಡಿ ಇನ್ನೊಂದು ತಂದರಾಯಿತು. ಬೆಳಕಿಗೆ ತಲೆಗೆ ಕಟ್ಟುವ ಬ್ಯಾಟರಿ ದೀಪ, ಯಾಕೆಂದರೆ ಮಳೆಗಾಲದಲ್ಲಿ ಕರೆಂಟನ್ನು ನಂಬಿ ಯಾವ ಕೆಲಸಕ್ಕೂ ಕೈಹಾಕುವಂತಿಲ್ಲ. ಮೇಜಿನ ಮೇಲೆ ಇರಲೇಬಾರದ ಸಾಮಾನು ಮೂರು: ಮಸಿ, ಕೇಪು, ತೋಟಾ. ಅವು ಬೇರೆ ಕೋಣೆಯಲ್ಲಿ, ಬೀಗದೊಳಗೆ.

ಕೆಲಸ ಶುರುವಾಗುವುದು ಕೋವಿ ಖಾಲಿಯೋ ಎಂದು ನೋಡುವುದರಿಂದ. ತೋಟಾ ಕೋವಿಯಾದರೆ ಮಡಚಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ಕೇಪಿನ ಕೋವಿಯಲ್ಲಿ ಹಾಗಿಲ್ಲ. ಕೇಪು ಇಲ್ಲ ಅಂದಮಾತ್ರಕ್ಕೆ ಒಳಗೆ ಮಸಿ ಇಲ್ಲ ಎಂದಲ್ಲ. ಯಾರೋ, ಯಾವಾಗಲೋ ತುಂಬಿಟ್ಟ ಈಡು ವರ್ಷಗಟ್ಟಲೆ ಕೂತಿರಬಹುದು. ಇದಕ್ಕೆ ಗಜವೇ ಸಾಕ್ಷಿ. ನಿಪ್ಪಲ್ ಮೇಲೆ ಕೇಪಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕೇಪಿಗೆ ಬಡಿಯುವ ಕುದುರೆಯನ್ನು ಇಳಿಸಿ, ಬಾಯಿಗೆ ಮುಖ, ಅಂಗೈ ಅಡ್ಡ ತರದೆ ಗಜವನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಇಳಿಸಿ. ತಳ ಮುಟ್ಟಿದಾಗ ಬಾಯಿಯ ಅಂಚಿಗೆ ಸರಿಯಾಗಿ ಗಜದ ಮೇಲೆ ಉಗುರಿನಿಂದ ಗುರುತು ಹಿಡಿದು ಹೊರತೆಗೆಯಿರಿ. ಅದನ್ನೇ ನಳಿಗೆಯ ಹೊರಮೈಗೆ ಜೋಡಿಸಿ ಹಿಡಿದರೆ ತುದಿ ನಿಪ್ಪಲಿನ ಬುಡದವರೆಗೆ ಬರಬೇಕು. ಎರಡು ಮೂರು ಬೆರಳು ಮೊದಲೇ ನಿಂತಿತೆಂದರೆ ಒಳಗೆ ಏನೋ ಇದೆ. ಅಂಥ ಕೋವಿಯನ್ನು ಬ್ರಷ್ಷು ಹಾಕಿ ಕೆದಕುವ ಸಾಹಸ ಬೇಡ. ಬಲ್ಲ ಪರವಾನಗಿಯ ಕೋವಿ ರಿಪೇರಿಯವರ ಹತ್ತಿರ ಹೋಗಬೇಕು. ಕೋವಿ ಖಾಲಿಯಿದ್ದಾಗ ಗಜ ಎಲ್ಲಿಯವರೆಗೆ ಇಳಿಯುತ್ತದೆಂದು ಒಮ್ಮೆ ಸರಿಯಾಗಿ ನೋಡಿ ಗಜದ ಮೇಲೆ ಒಂದು ಗೀರು ಕೆತ್ತಿಬಿಟ್ಟರೆ ಆಮೇಲೆ ಇಷ್ಟೆಲ್ಲ ಅಳೆಯುವ ತೊಂದರೆಯೂ ಇಲ್ಲ. ಗೀರು ಮುಳುಗಿತೋ, ಕೋವಿ ಖಾಲಿ.

ಇನ್ನು ತೊಳೆಯುವುದು. ನಿಪ್ಪಲ್ ಬಿಚ್ಚಿ ಹಾಳೆ ತಟ್ಟೆಯ ಬಿಸಿನೀರಿಗೆ ಹಾಕಿ. ನಳಿಗೆ ಹಿಡಿಯಿಂದ ಸುಲಭವಾಗಿ ಬಿಚ್ಚಿಕೊಳ್ಳುವ ಕೋವಿಯಾದರೆ ಅದರ ಬುಡವನ್ನು ಬಕೆಟ್ಟಿನ ಬಿಸಿನೀರಲ್ಲಿ ಮುಳುಗಿಸಿ, ಬಟ್ಟೆ ಸುತ್ತಿದ ಗಜವನ್ನು ಬಾಯಿಂದ ಮೇಲೆ ಕೆಳಗೆ ಆಡಿಸಿದರೆ ನೀರು ನಿಪ್ಪಲ್ ತೂತಿನಿಂದ ಒಳಗೆ ಏರಿ ಹೊರಗೆ ಚಿಮ್ಮುತ್ತದೆ. ಮೊದಲ ಬಕೆಟ್ಟು ಕಾಡಿಗೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಗಂಧಕ ಹೊರಟಿತು ಎಂದರ್ಥ. ಈ ನೀರಿಗೆ ಚೂರು ಸಾಬೂನು ಬೆರೆಸಬಹುದು. ಎರಡನೆಯದು ಬರೀ ನೀರು, ಕೈ ತಾಗಿಸಲಾಗದಷ್ಟು ಬಿಸಿ. ನಳಿಗೆಯೇ ಕಾದುಬಿಟ್ಟರೆ ಒಳಗಿನ ತೇವ ತಾನಾಗಿ ಆರುತ್ತದೆ, ಒಣಬಟ್ಟೆಯ ಕೆಲಸ ಅರ್ಧ ಕಡಿಮೆ. ನಳಿಗೆ ಬಿಚ್ಚಲಾಗದ ಕೋವಿಯಾದರೆ ನೀರು ಸುರಿಯದೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಗಳನ್ನೇ ಒಂದರ ಮೇಲೊಂದು ಹಾಯಿಸಬೇಕು, ಹೊತ್ತು ಹಿಡಿಯುತ್ತದೆ. ಬಟ್ಟೆ ಬೆಳ್ಳಗೆ ಹೊರಬಂದ ಮೇಲೆ ಒಣಬಟ್ಟೆ, ನಳಿಗೆ ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ. ತಡಮಾಡಿದರೆ ಬಿಸಿ ಕಬ್ಬಿಣದ ಮೇಲೆ ಕಣ್ಣೆದುರೇ ತೆಳು ಕೆಂಪು ಏಳುತ್ತದೆ. ತೋಟಾ ಕೋವಿಗೆ ಈ ಸ್ನಾನ ಬೇಕಿಲ್ಲ. ಅದರ ಹೊಗೆರಹಿತ ಮಸಿಯ ಕೊಳೆ ಬೇರೆ ಜಾತಿಯದು. ಸೀಸ, ಪ್ಲಾಸ್ಟಿಕ್ಕಿನ ಕಲೆಯೂ ಇರುತ್ತದೆ. ಅದಕ್ಕೆ ಅಂಗಡಿಯ ದ್ರಾವಣ, ಕಂಚಿನ ಬ್ರಷ್ಷು, ಆಮೇಲೆ ಎಣ್ಣೆ.

ಎಣ್ಣೆಯೆಂದರೆ ಯಾವುದು? ಮನೆಯಲ್ಲಿ ಕೊಬ್ಬರಿ ಎಣ್ಣೆ ಇದೆಯಲ್ಲ ಎನ್ನಬೇಡಿ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಯಲ್ಲಾಪುರದ ಪುಷ್ಯಮಾಸದ ಚಳಿ ಅದಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ. ಜೊತೆಗೆ ಯಾವ ಅಡುಗೆ ಎಣ್ಣೆಯೂ ದಿನ ಕಳೆದಂತೆ ಕಮಟಾಗಿ ಅಂಟಾಗುತ್ತದೆ, ಕುದುರೆಯ ಸ್ಪ್ರಿಂಗು ಹಿಡಿದುಕೊಳ್ಳುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು. ಮಳೆಗಾಲವಿಡೀ ಮುಟ್ಟುವುದಿಲ್ಲ ಎಂದಾದರೆ ತುಸು ದಪ್ಪನೆಯ ತುಕ್ಕುರಕ್ಷಕ ಎಣ್ಣೆ ಒಳ್ಳೆಯದು, ಆದರೆ ಈಡು ಹಾಕುವ ಮುಂಚೆ ಅದನ್ನು ಪೂರ್ತಿ ಒರೆಸಿ ತೆಗೆಯಬೇಕು. ಎಣ್ಣೆ ಹಚ್ಚಿದ ಮಾರನೆಯ ದಿನ ಮತ್ತೊಂದು ಬಿಳಿ ಬಟ್ಟೆ ಹಾಯಿಸಿ ನೋಡಿ. ಕಂದು ಬಣ್ಣ ಬಂದರೆ ನಿನ್ನೆಯ ತೊಳೆತ ಸಾಲಲಿಲ್ಲ, ಮತ್ತೆ ಹಂಡೆಗೆ. ಹಿಡಿಯ ಮರಕ್ಕೆ ಅಗಸೆ ಎಣ್ಣೆ ತಿಕ್ಕುವವರು ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು; ಒಣಗುವಾಗ ತಾನೇ ಬಿಸಿಯೇರಿ ಹೊತ್ತಿಕೊಳ್ಳುವ ಸ್ವಭಾವ ಅದಕ್ಕಿದೆ. ಅಂಗಳದಲ್ಲಿ ಬಿಡಿಸಿ ಹರವಿ ಒಣಗಿಸಿ.

ಮತ್ತೆ ಕವಳ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಕವಳವಿಲ್ಲದೆ ಕೂತು ಮಾಡುವ ಕೆಲಸವಿಲ್ಲ ಎಂಬುದು ನನಗೆ ಗೊತ್ತು. ಆದರೂ ಈ ಮೇಜಿನ ಮುಂದೆ ಬೇಡ. ಚರೆ ಸೀಸದ್ದು. ನಳಿಗೆಯಿಂದ ಬಂದ ಕಪ್ಪು ಬೆರಳಿಗೆ ಅಂಟುತ್ತದೆ, ಅದೇ ಬೆರಳು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಡುತ್ತದೆ. ಸೀಸ ಮೈ ಸೇರಲು ಇದಕ್ಕಿಂತ ನೇರ ದಾರಿ ಬೇರೆ ಇಲ್ಲ. ಕೈ ತೊಳೆದು, ಅಂಗಿ ಬದಲಿಸಿ, ಆಮೇಲೆ ಕವಳದ ಬಟ್ಟಲು.

ಇಡುವ ಕ್ರಮದಲ್ಲಿ ಒಂದೆರಡು ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳು ಕೋವಿಯ ಸುರಕ್ಷಿತ ಇಡುವಿಕೆಯನ್ನು ಪರವಾನಗಿದಾರನ ಹೊಣೆಯನ್ನಾಗಿ ಮಾಡಿವೆ. ಜಗಲಿಯ ಗೂಟಕ್ಕೆ ತೂಗುಹಾಕುವ ಕಾಲ ಹೋಯಿತು. ಬೀಗದ ಕಬ್ಬಿಣದ ಕಪಾಟೇ ಸರಿ. ಕಪಾಟಿನಲ್ಲಿ ಕೆಲವು ದಿನ ಬಾಯಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆ ಮರಕ್ಕೆ ಇಳಿಯುವುದಿಲ್ಲ. ಚರ್ಮದ ಚೀಲದಲ್ಲಿ, ಕಂಬಳಿಯಲ್ಲಿ ಸುತ್ತಿಡುವುದು ಬೇಡ, ಎರಡೂ ತೇವ ಹಿಡಿದಿಡುತ್ತವೆ. ಬಾಯಿಗೆ ಬಟ್ಟೆಯ ಬಿರಡೆ ತುರುಕುವುದಂತೂ ಬೇಡವೇ ಬೇಡ. ಒಳಗಿನ ತೇವ ಹೊರಬರದು ಎಂಬುದು ಒಂದು; ರಾತ್ರಿ ಹಂದಿ ಬಂತೆಂದು ಎದ್ದವನಿಗೆ ಬಿರಡೆ ಮರೆತುಹೋದರೆ ನಳಿಗೆ ಕೈಯಲ್ಲೇ ಸಿಡಿಯುತ್ತದೆ ಎಂಬುದು ಇನ್ನೊಂದು. ತೆರೆದಿಟ್ಟ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದರೂ ಅದೇ ಫಲ, ಹಾಗಾಗಿ ಕಪಾಟಿನಿಂದ ತೆಗೆದಾಗಲೆಲ್ಲ ಗಜ ಇಳಿಸಿ ನೋಡಬೇಕು.

ಆಯುಧಪೂಜೆ ಬರುವುದು ಮಳೆ ಹಿಂದೆಗೆದ ಮೇಲೆ. ವರ್ಷದ ದೊಡ್ಡ ಸ್ವಚ್ಛತೆಗೆ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಕೊಡಗಿನವರು ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಒರೆಸಿಟ್ಟು ತೋಕ್ ಪೂವು ಮುಡಿಸುವ ಹಾಗೆ ನಮ್ಮಲ್ಲಿ ಮಹಾನವಮಿಗೆ ಮೆಟ್ಟುಗತ್ತಿ, ಹಾರೆ, ಕೋವಿಗಳು ಒಂದೇ ಮಣೆಯ ಮೇಲೆ ಕೂರುತ್ತವೆ. ಪೂಜೆಗೆ ನನ್ನ ತಕರಾರಿಲ್ಲ. ನೀರು ಕಲಸಿದ ಗಂಧ, ಕುಂಕುಮವನ್ನು ನಳಿಗೆಗೆ ಬಳಿದು ವಿಜಯದಶಮಿಯಾದ ಮೇಲೂ ಒರೆಸದೆ ಬಿಡುವುದಕ್ಕೆ ಇದೆ. ಹಿಡಿಯ ಮರಕ್ಕೆ ಇಟ್ಟರೆ ದೇವರೇನೂ ಕೋಪಿಸಿಕೊಳ್ಳಲಾರ.

ಕಡೆಗೆ, ಈ ಮೇಜಿನ ಮೇಲೆ ಮಾಡಬಾರದ ಕೆಲಸಗಳು. ತುಕ್ಕು ಕಂಡೊಡನೆ ಉಜ್ಜುಕಾಗದ, ಬೂದಿ, ಹುಣಸೆಹುಳಿ ಹಿಡಿಯುವುದು ಪಾತ್ರೆಗೆ ಸರಿ. ಕೋವಿಯ ಹೊರಮೈಯ ಕಂದು ಲೇಪ ಹೋದರೆ ತುಕ್ಕು ಇನ್ನೂ ಬೇಗ ಬರುತ್ತದೆ. ಅದಕ್ಕಿಂತ ದೊಡ್ಡ ಪೇಚು ನಳಿಗೆಯ ಮೇಲೆ ಕೆತ್ತಿದ ನಂಬರಿನದು. ಕೋವಿಯ ಗುರುತಿನ ಅಂಕಿ ಅಳಿಸುವುದನ್ನು, ಅಂಕಿ ಇಲ್ಲದ ಕೋವಿ ಮಾರುವುದನ್ನು ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮು ನಿಷೇಧಿಸುತ್ತದೆ. ಉಜ್ಜಿ ಉಜ್ಜಿ ಅಂಕಿ ಮಾಸಿದರೆ ಪರವಾನಗಿ ನವೀಕರಣದ ದಿನ ನಿಮ್ಮದೇ ಕೋವಿ ನಿಮ್ಮದೆಂದು ಸಾಧಿಸುವುದು ಕಷ್ಟ. ಬಾಯಿ ಹತ್ತಿರ ತುಕ್ಕು ತಿಂದಿದೆಯೆಂದು ನಾಲ್ಕಂಗುಲ ಕೊಯ್ದು ಹಾಕುವ ಯೋಚನೆ ಬಂದರೆ 6ನೇ ಕಲಮು ನೆನಪಿರಲಿ, ನಳಿಗೆ ಮೋಟು ಮಾಡುವುದು ಅದರಲ್ಲಿ ಬರುತ್ತದೆ. 5ನೇ ಕಲಮಿನ ಪ್ರಕಾರ ರಿಪೇರಿಗೂ ಪ್ರತ್ಯೇಕ ಪರವಾನಗಿ ಬೇಕು. ಊರಿನ ವೆಲ್ಡಿಂಗ್ ಅಂಗಡಿಯವರು ಎಷ್ಟೇ ಕುಶಲಿಯಾದರೂ ಈ ಕೆಲಸ ಅವರದ್ದಲ್ಲ.

ಒರೆಸುವುದು ನಮ್ಮ ಪಾಲಿಗೆ, ರಿಪೇರಿ ಪರವಾನಗಿಯವರ ಪಾಲಿಗೆ. ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿದಾಗ ಜಾರುತ್ತಿದ್ದರೆ, ನಿಪ್ಪಲಿನ ತಿರುಪು ಸಡಿಲಾಗಿ ಆಡುತ್ತಿದ್ದರೆ, ನಳಿಗೆಯ ಒಳಗೆ ಬೆರಳಿಗೆ ಸಿಗುವಷ್ಟು ಗುಳಿ ಬಿದ್ದಿದ್ದರೆ ಎಣ್ಣೆ ಡಬ್ಬಿ ಮುಚ್ಚಿ. ಕೋವಿಗೆ ಒಂದು ಚೀಟಿ ಕಟ್ಟಿ, ದೋಷ ಏನೆಂದು ಬರೆದು ಕಪಾಟಿಗಿಟ್ಟು ಬೀಗ ಹಾಕಿ, ಪರವಾನಗಿ ಪುಸ್ತಕ ತೆಗೆದುಕೊಂಡು ಅದರ ರಿಪೇರಿಗೆ ಮೊದಲು ಏನೇನು ಕಾಗದ ಬೇಕೆಂದು ಠಾಣೆಯಲ್ಲಿ ಕೇಳಿ ಬನ್ನಿ. ಅಲ್ಲಿಯವರೆಗೆ ಹಂದಿ ಓಡಿಸಲು ಡಬ್ಬಿ ಬಡಿದರಾಯಿತು.